ನಗುವಿಗೆ ಹಚ್ಚಿದ ಕೋರೆಹಲ್ಲು

ಇಂಗ್ಲಿಷಿನಲ್ಲಿಯೂ ನಗುವಿಗೆ ಪದಗಳು ಕಡಿಮೆಯೇನಿಲ್ಲ. ಗಿಗಲ್ ಇದೆ, ಚಕಲ್ ಇದೆ, ಗ್ರಿನ್ ಇದೆ. ಆದರೆ ಕಾರ್ಟೂನಿಗೆ ಸ್ಕ್ರಿಪ್ಟ್ ಬರೆಯುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ರಾಜ ನಕ್ಕರೂ ‘ಲಾಫ್ಸ್’, ಕಳ್ಳ ನಕ್ಕರೂ ‘ಲಾಫ್ಸ್’, ಕೂಸನ್ನು ನುಂಗಲು ಹೊರಟ ರಕ್ಕಸಿ ನಕ್ಕರೂ ಅದೇ. ಮರಾಠಿ ಮಾತಿನ ಈ ಊರಲ್ಲಿ, ಶಿವಾಜಿನಗರದ ಡಬ್ಬಿಂಗ್ ಸ್ಟುಡಿಯೋ ಒಂದರಲ್ಲಿ ಆ ಕಾರ್ಟೂನುಗಳಿಗೆ ಕನ್ನಡ ಮಾತು ಬರೆಯುವವಳು ನಾನು. ಯಾರು ಯಾವ ನಗು ನಗಬೇಕು ಎಂದು ದನಿ ಕೊಡುವವರಿಗೆ ಬರೆದು ಕೊಡುವುದೂ ನನ್ನದೇ ಕೆಲಸ.

ಅದು ನನಗೆ ಕಷ್ಟವಾಗಲಿಲ್ಲ, ಯಾಕೆಂದರೆ ನಾನು ಬೆಳೆದದ್ದು ಅಜ್ಜಿಯ ಕತೆಗಳಲ್ಲಿ. ಅವಳ ಕತೆಯಲ್ಲಿ ಯಾರೂ ಬರೀ ನಗುತ್ತಿರಲಿಲ್ಲ. ಸಾಹುಕಾರ ಮೀಸೆಯೊಳಗೆ ನಗುತ್ತಿದ್ದ. ಮಂತ್ರಿ ಹಲ್ಲು ಕಿರಿಯುತ್ತಿದ್ದ. ಸವತಿಯದು ಕೊಂಕುನಗೆ. ಹೊಸ ಸೊಸೆ ಮಾತ್ರ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

“ಅದು ಪರರ ಮನಿ ನಗಿ, ನೀಲೂ,” ಎನ್ನುತ್ತಿದ್ದಳು ಅಜ್ಜಿ. “ಸಪ್ಪಳ ಇರ್ತದ, ಉಸುರು ಇರೂದಿಲ್ಲ.”

ಧಾರವಾಡದಿಂದ ಬಂದು ಅಜ್ಜಿ ಇದೇ ಊರಿನ ಬಿಬವೇವಾಡಿ ಬಡಾವಣೆಯ ನಮ್ಮ ಮನೆಯಲ್ಲಿ ನನ್ನ ಜೊತೆಗೇ ಇದ್ದಾಳೆ. ಅವಳ ಸ್ವಂತ ನಗುವಿಗೆ ನನ್ನ ಬಳಿ ಪದವಿಲ್ಲ. ಹೊಟ್ಟೆಯಿಂದ ಎದ್ದು, ಮೇಲೇರಿ, ತುದಿಯಲ್ಲಿ ಉಸಿರು ಸಿಕ್ಕಿಹಾಕಿಕೊಳ್ಳುತ್ತದೆ. ಒಂದು ಕ್ಷಣ ಮನೆಯೆಲ್ಲ ನಿಶ್ಶಬ್ದ. ಆಮೇಲೆ ‘ಹೂಂಕ್’ ಎಂದು ಬಿಡುಗಡೆ, ತೊಡೆಯ ಮೇಲೆ ಒಂದು ಏಟು.

ಒಂದು ಸಂಜೆ ಅವಳು ಹಾಗೆ ನಕ್ಕದ್ದು ಅಜ್ಜನನ್ನು ನೆನೆದು. ಮದುವೆಯಾದ ಮೊದಲ ದೀಪಾವಳಿಗೆ ಹೆಂಡತಿಯ ತವರಿಗೆ ಬಂದ ಅಜ್ಜ, ಗಾಬರಿಯಲ್ಲಿ ಮಾವನನ್ನು ಬಿಟ್ಟು ಅಡಿಗೆಯವರ ಕಾಲಿಗೆ ಬಿದ್ದಿದ್ದರಂತೆ. ಅವರು ಸೌಟು ಹಿಡಿದ ಕೈಯನ್ನೇ ಎತ್ತಿ ಹರಸಿದರಂತೆ. “ಎಲ್ಲಾರ ಮುಂದ ಸೆರಗು ಹಿಡ್ಕೊಂಡು ಸುಮ್ಮನಾದೆ. ಆಮ್ಯಾಲೆ ಮಾಳಗಿ ಮ್ಯಾಲೆ ಇಬ್ಬರೂ ಬಿದ್ದು ಬಿದ್ದು ನಕ್ವಿ. ಈ ನಗಿ ಅವರನ್ನ ಬಿಟ್ರ ನಿನಗಷ್ಟ ಗೊತ್ತು ನೋಡು.”

ಅವಳಿಗೆ ಹೇಳಿಯೇ ಅದನ್ನು ಫೋನಿನಲ್ಲಿ ಹಿಡಿದಿಟ್ಟಿದ್ದೆ. “ಇಟ್ಕೋ, ನಾ ಹೋದ ಮ್ಯಾಲೆ ಕೇಳ್ಲಿಕ್ಕೆ ಬೇಕಾಗ್ತದ,” ಎಂದಿದ್ದಳು.

ನಾನು ಅದನ್ನು ಋಷಿಕೇಶನಿಗೆ ಮಾತ್ರ ಕೇಳಿಸಿದೆ. ನಮ್ಮ ಸ್ಟುಡಿಯೋದಲ್ಲಿ ಶಬ್ದ ಜೋಡಿಸುವವನು ಅವನು. ಬೆಳಗಾವಿಯ ಹುಡುಗ. ಮಾಘದಲ್ಲಿ ನಮ್ಮ ಮದುವೆ ಎಂದು ಎರಡೂ ಮನೆಯವರು ಒಪ್ಪಿದ್ದರು. ಕತೆಯ ರಾಜಕುಮಾರಿಯರು ಬಿಲ್ಲು ಮುರಿದವನನ್ನೋ ಹುಲಿ ಕೊಂದವನನ್ನೋ ಆರಿಸಿಕೊಳ್ಳುತ್ತಾರೆ. ನಾನು ಆರಿಸಿಕೊಂಡದ್ದು ಕಿವಿಗೊಟ್ಟು ಕೇಳುವವನನ್ನು. ಅಜ್ಜಿಯ ನಗು ಕೇಳಿ ಅವನು ಕಣ್ಣು ಮುಚ್ಚಿದ್ದ. “ನನಗೊಂದು ಕಳಸು. ಬ್ಯಾಸರಾದಾಗ ಕೇಳ್ತೀನಿ,” ಎಂದ. ಕಳಿಸಿದೆ.

ಆ ಭಾನುವಾರ ಬೆಳಿಗ್ಗೆ ನಾನು ಬರೆದ ರಕ್ಕಸಿಯ ಕಂತು ಟಿವಿಯಲ್ಲಿ ಬರುವುದಿತ್ತು. ನನ್ನ ಮಾತು ಕೇಳಲೆಂದು ಅಜ್ಜಿಯನ್ನು ಕೂರಿಸಿದೆ. ಮೊರದ ತುಂಬ ಮೆಂತೆಸೊಪ್ಪು ಇಟ್ಟುಕೊಂಡು ಕೂತಳು.

ರಕ್ಕಸಿ ಗುಹೆಯಿಂದ ಹೊರಬಂದಳು. ಕೆಂಪು ಬಾಯಿ, ಗಲ್ಲದವರೆಗೆ ಇಳಿದ ಕೋರೆಹಲ್ಲು. ಕೂಸನ್ನು ಎತ್ತಿ ಹಿಡಿದು ನಕ್ಕಳು. ದನಿ ಗೊಗ್ಗರಾಗಿತ್ತು. ಮೇಲೇರಿ ಮೇಲೇರಿ ತುದಿಯಲ್ಲಿ ಸಿಕ್ಕಿಕೊಂಡಿತು. ಒಂದು ಕ್ಷಣ ನಿಶ್ಶಬ್ದ.

‘ಹೂಂಕ್.’

ಸೊಪ್ಪು ಬಿಡಿಸುತ್ತಿದ್ದ ಕೈ ನಿಂತಿತು.

“ನೀಲೂ, ಅದು ನನ್ನ ನಗಿ ಅಲ್ಲೇನ?”

ನಾನು ಟಿವಿ ಆರಿಸಿದೆ.

“ಅವರನ್ನ ನೆನಸಿ ನಕ್ಕಿದ್ದೆ,” ಎಂದಳು ಮೆಲ್ಲಗೆ. “ಅದಕ್ಕ ಹಲ್ಲು ಹಚ್ಚ್ಯಾರ.”

“ಅಜ್ಜಿ, ನಾ ಹಾಕಿಲ್ಲ, ನಿನ್ನಾಣೆ—”

“ಕೊಟ್ಟಾಕಿ ನೀನ ಅಲ್ಲೇನವಾ?” ಸಿಟ್ಟಿರಲಿಲ್ಲ ಮಾತಿನಲ್ಲಿ. ಮೊರ ಎತ್ತಿಕೊಂಡು ಒಳಗೆ ಹೋದಳು.

ಸಂಜೆ ಋಷಿಕೇಶ ಬಾಕರವಡಿ ತಿಂಡಿಯ ಪೊಟ್ಟಣ ಹಿಡಿದು ಬಂದ. ಬಾಗಿಲಲ್ಲೇ ಕೇಳಿದೆ. ಅವನೇನೂ ಮುಚ್ಚಿಡಲಿಲ್ಲ.

“ಯಾವ ಆರ್ಟಿಸ್ಟ್ ನಕ್ರೂ ಡೈರೆಕ್ಟರ್‌ಗೆ ಸೇರ್ಲಿಲ್ಲ ನೋಡು. ಡೆಡ್‌ಲೈನ್ ಬ್ಯಾರೆ. ಪಿಚ್ ಇಳಿಸಿ ದನಿ ದಪ್ಪ ಮಾಡೀನಿ, ಯಾರಿಗೂ ಗುರ್ತು ಹತ್ತೂದಿಲ್ಲ.”

“ನನ್ನ ಒಂದು ಮಾತು ಕೇಳ್ಬೇಕನಸ್ಲಿಲ್ಲ?”

“ಕೇಳಿದ್ರ ಬ್ಯಾಡ ಅಂತಿದ್ದಿ.” ನಕ್ಕ. “ಇಂಗ್ಲಿಷ್ ಸ್ಕ್ರಿಪ್ಟಿನಾಗ ಲಾಫ್ಸ್ ಅಂತಿತ್ತು, ಒಂದು ಲಾಫ್ ಹಾಕ್ದೆ. ಅದಕ್ಕ್ಯಾಕ ಇಷ್ಟು ದೊಡ್ಡ ಪುರಾಣ?”

ತಿಂಗಳುಗಟ್ಟಲೆ ಅವನ ಪಕ್ಕ ಕೂತು ಮೀಸೆಯೊಳಗಿನ ನಗು ಯಾವುದು, ಕೊಂಕು ಯಾವುದು ಎಂದು ಬಿಡಿಸಿ ಹೇಳಿದವಳು ನಾನೇ. ತಲೆದೂಗಿ ಕೇಳಿದವನು ಇವನೇ.

ಅಜ್ಜಿ ಚಹಾ ತಂದಳು. “ಏನ್ ಅಜ್ಜಿ, ಫೇಮಸ್ ಆಗಿಬಿಟ್ರಲ್ಲ!” ಎಂದ ಋಷಿಕೇಶ. “ನಿಮ್ಮ ನಗಿ ಕೇಳಿ ಊರಾಗಿನ ಹುಡುಗ್ರೆಲ್ಲಾ ಅಂಜ್ಯಾವು!”

ಅಜ್ಜಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. “ಹೌದ್ರಿ? ಚಹಾ ತೊಗೋರಿ, ಆರ್ತದ.”

ನಿನ್ನೆಯವರೆಗೂ ಅವನಿಗೆ ‘ಬಾರೋ ಋಷಿ, ಕೂಡೋ’ ಎನ್ನುತ್ತಿದ್ದಳು.

“ನೋಡು,” ಅವನು ನನ್ನತ್ತ ತಿರುಗಿದ, “ಅವರಿಗೇನೂ ಬ್ಯಾಸರಿಲ್ಲ. ನಗ್ಲಿಕತ್ತಾರ.”

ಎಂಥ ಕಿವಿ ಎಂದುಕೊಂಡಿದ್ದೆ ನಾನು! ಚಹಾ ಕುಡಿದು ಮುಗಿಸುವವರೆಗೆ ಕಾದೆ. ಚಪ್ಪಲಿ ಮೆಟ್ಟುವಾಗ ಹೇಳಿದೆ, “ಇನ್ನ ಮ್ಯಾಲೆ ಈ ಮನಿಗೆ ಬರಬ್ಯಾಡ, ಋಷಿ. ಮದುವಿ ಮಾತು ನಮ್ಮಪ್ಪ ನಿಮ್ಮವರ ಕೂಡ ಮಾತಾಡ್ತಾರ.”

“ಒಂದು ನಗಿ ಸಲುವಾಗಿ?”

“ಹೌದು. ಆ ಒಂದು ನಗಿ ಸಲುವಾಗಿ.”

ಅವನು ಇಳಿದುಹೋಗುವ ಸಪ್ಪಳ ನಿಂತ ಮೇಲೆ ಒಳಗೆ ಬಂದೆ. ಅಜ್ಜಿ ಕಪ್ಪು ತೊಳೆದು ಬೋರಲು ಹಾಕುತ್ತಿದ್ದಳು. ಅವಳ ಸೆರಗು ಹಿಡಿದು ಪಕ್ಕದಲ್ಲಿ ನಿಂತೆ, ಚಿಕ್ಕವಳಿದ್ದಾಗ ಕತೆಗೆ ಗಂಟುಬೀಳುತ್ತಿದ್ದ ಹಾಗೆ.

“ಅಜ್ಜಿ, ಅಜ್ಜ ಅಡಿಗಿಯವರ ಕಾಲಿಗೆ ಬಿದ್ದದ್ದು ಇನ್ನೊಮ್ಮೆ ಹೇಳು.”

ಅವಳ ಕಣ್ಣು ನನ್ನ ಕೈಯಲ್ಲಿದ್ದ ಫೋನಿನ ಮೇಲೆ ಬಿತ್ತು. ಓಡಿಹೋಗಿ ಅದನ್ನು ಮಲಗುವ ಕೋಣೆಯ ದಿಂಬಿನಡಿ ತುರುಕಿ, ಬಾಗಿಲು ಎಳೆದುಕೊಂಡು ಬಂದೆ. ಅವಳು ಹೇಳಲಿಲ್ಲ. ಕೊನೆಗೆ ನಾನೇ ಶುರು ಮಾಡಿದೆ. ಅಜ್ಜನ ಗಾಬರಿಯನ್ನು ಮಾಡಿ ತೋರಿಸಿದೆ, ನೆಲಕ್ಕೆ ಬಿದ್ದೆ, ಎದ್ದು ಸೌಟು ಎತ್ತಿ ಅಡಿಗೆಯವರ ಹಾಗೆ ಹರಸಿದೆ. ಆ ‘ಹೂಂಕ್’ಗೆ ಕಾಯುತ್ತ ಅವಳ ಮುಖವನ್ನೇ ನೋಡಿದೆ.

“ಛಂದ ಹೇಳ್ತೀ, ನೀಲೂ,” ಎಂದಳು ಅಜ್ಜಿ.

ಒದ್ದೆ ಕೈಯನ್ನು ಒರೆಸಿಕೊಂಡು ಸೆರಗಿನ ತುದಿ ಎತ್ತಿ ಬಾಯಿಗೆ ಅಡ್ಡ ಹಿಡಿದಳು. ಅದರ ಹಿಂದಿನಿಂದ ಸಪ್ಪಳವಷ್ಟೇ ಬಂತು.