ದೋಣಿಯ ಹೊಟ್ಟೆಗೆ ತುಂಬಿದ್ದು

ಆ ಬಡಗಿಗೆ ಬೀದಿಯವರು ಇಟ್ಟಿದ್ದ ಹೆಸರು ‘ಈಗ್ಬಂದೆ’. ಬಾಗಿಲು ಕೂರಿಸಲು ಬಂದವನು ಒಂದು ತಿರುಪು ಬಿಗಿದು, ಇನ್ನೊಂದನ್ನು ಬಾಯಲ್ಲಿ ಕಚ್ಚಿಕೊಂಡೇ ‘ಈಗ್ಬಂದೆ’ ಅಂದುಬಿಟ್ಟು ಮುಂದಿನ ಮನೆಗೆ ಓಡುತ್ತಿದ್ದ. ಹೀಗಾಗಿ ಯಾವಾಗ ನೋಡಿದರೂ ಮೂರು ಮನೆಗಳಲ್ಲಿ ಮೂರು ಬಾಗಿಲು ಅರ್ಧಂಬರ್ಧ ನಿಂತಿರುತ್ತಿದ್ದವು. ಕೆಲಸದಲ್ಲಿ ಮಾತ್ರ ಕೊಂಕು ತೆಗೆಯುವಂತಿರಲಿಲ್ಲ. ಅವನು ಕೂರಿಸಿದ ಬಾಗಿಲನ್ನು ಕಿರುಬೆರಳಲ್ಲಿ ತಳ್ಳಿದರೂ ಸದ್ದಿಲ್ಲದೆ ಹೋಗಿ ಚೌಕಟ್ಟಿಗೆ ಕೂರುತ್ತಿತ್ತು. ಅದಕ್ಕೇ ಜನ ಬೈದುಕೊಂಡೇ ಮತ್ತೆ ಅವನನ್ನೇ ಕರೆಯುತ್ತಿದ್ದರು. ಕಾಯುವುದೊಂದನ್ನು ಬಿಟ್ಟರೆ ಅವನಿಗೆ ಬಾರದ ಕೆಲಸವಿರಲಿಲ್ಲ.

ಇಂಥವನಿಗೆ ದೋಣಿಯ ಹುಚ್ಚು. ಕೂತು ಹುಟ್ಟು ಹಾಕುವ ದೋಣಿಯಲ್ಲ, ದಡದಲ್ಲಿ ನಿಂತು ರಿಮೋಟಿನಲ್ಲಿ ಓಡಿಸುವ ರೇಸಿನ ಹೈಡ್ರೋಪ್ಲೇನು. ಉದ್ದ ಒಂದು ಗಜವೂ ಇಲ್ಲ. ತೆಳು ಪ್ಲೈವುಡ್ಡಿನ ಚಪ್ಪಟೆ ಮೈ, ಮುಂದೆ ಎಡಕ್ಕೊಂದು ಬಲಕ್ಕೊಂದು ಪಾದ. ವೇಗ ಹಿಡಿಯಿತೆಂದರೆ ಆ ಪಾದಗಳ ತುದಿ ಮತ್ತು ಹಿಂದಿನ ಪಂಖ ಇಷ್ಟೇ ನೀರಿಗೆ ತಾಗುತ್ತವೆ, ಉಳಿದದ್ದೆಲ್ಲ ಗಾಳಿಯ ಮೇಲೆ. ಅದೇ ಅದರ ಚಂದ, ಅದೇ ಅದರ ಗಂಡಾಂತರ. ತಿರುವಿನಲ್ಲಿ ಗಾಳಿ ಒಂದಿಷ್ಟು ಹೆಚ್ಚು ಅಡಿಗೆ ನುಗ್ಗಿದರೆ ಸಾಕು, ದೋಣಿ ಮಗುಚಿಕೊಂಡು ಬೀಳುತ್ತದೆ. ಬಿದ್ದದ್ದು ಮುಳುಗದಿರಲಿ ಎಂದು ಪಾದಗಳ ಹೊಟ್ಟೆಗೆ, ಮೂತಿಯ ಹೊಟ್ಟೆಗೆ ಥರ್ಮಾಕೋಲ್ ತುಂಬಿ, ಮೇಲ್ಹಲಗೆ ಮುಚ್ಚಿ ಅಂಟಿಸುತ್ತಾರೆ.

ಮೈ ಅವನದು, ಮೋಟಾರು ತಂಗಿಯದು. ಅವಳಿಗೆ ಮೂರು ಬೀದಿ ಆಚೆ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಮಿಕ್ಸಿ, ಪಂಪು, ಫ್ಯಾನು ಎಲ್ಲ ಅವಳ ಮೇಜಿಗೆ ಬರುತ್ತಿದ್ದವು. ದಿನದ ಕೆಲಸ ಮುಗಿದ ಮೇಲೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲೆಳೆಯಂಥ ತಾಮ್ರದ ತಂತಿಯನ್ನು ಒಂದೊಂದೇ ಸುತ್ತು ಎಣಿಸಿ ಸುತ್ತಿ ರೇಸಿನ ಮೋಟಾರು ಮಾಡುತ್ತಿದ್ದಳು. ಎಣಿಕೆ ತಪ್ಪಿದರೆ ಪೂರಾ ಬಿಚ್ಚಿ ಮೊದಲಿನಿಂದ. ಒಂದು ಮೋಟಾರಿಗೆ ಮೂರು ತಿಂಗಳು.

ಅಂಥ ಮೋಟಾರೊಂದು ಹೋದ ವರ್ಷ ಕೆರೆಯ ತಳ ಸೇರಿತ್ತು. ಎದುರಾಳಿಗಳ ದೋಣಿ ತನ್ನದಕ್ಕಿಂತ ಹಗುರ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಬಡಗಿ ಎರಡು ಹಿಡಿ ಥರ್ಮಾಕೋಲಿನ ತೂಕ ಉಳಿಸಲು ಹೊಟ್ಟೆಯನ್ನು ಖಾಲಿ ಬಿಟ್ಟು ಹಲಗೆ ಮುಚ್ಚಿದ್ದ. ಮೂರನೇ ತಿರುವಿನಲ್ಲಿ ದೋಣಿ ಮಗುಚಿತು, ಬಿದ್ದ ಏಟಿಗೆ ಹಲಗೆ ಬಿರಿದು ಖಾಲಿ ಹೊಟ್ಟೆಗೆ ನೀರು ನುಗ್ಗಿತು. ಮೇಲೆ ಬಂದದ್ದು ಗುಳ್ಳೆಗಳು ಮಾತ್ರ. ‘ಅವಸರದಲ್ಲಿ ತುಂಬೋದು ಮರೆತೇ ಹೋಯ್ತು ಕಣೆ’ ಎಂದು ಅವನು ತಡವರಿಸಿದ. ತಂಗಿ ಅವನ ಮುಖವನ್ನೊಮ್ಮೆ ನೋಡಿದಳು, ರಿಮೋಟನ್ನು ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು. ಆಮೇಲೆ ಐದು ತಿಂಗಳು ಏನಾದರೂ ಹೇಳುವುದಿದ್ದರೆ ಅತ್ತಿಗೆಗೆ ಹೇಳುವಳು, ಅವನ ಜೊತೆ ಮಾತಿಲ್ಲ. ಬೈದಿದ್ದರೆ ಅವನು ಹೇಗೋ ತಡೆದುಕೊಳ್ಳುತ್ತಿದ್ದ. ಆ ಐದು ತಿಂಗಳು ಅವನನ್ನು ಒಳಗೊಳಗೇ ಹಿಂಡಿಹಾಕಿತ್ತು.

ಈ ವರ್ಷ ಅವಳಾಗಿಯೇ ಬಂದಳು. ಬಟ್ಟೆಯಲ್ಲಿ ಸುತ್ತಿದ ಹೊಸ ಮೋಟಾರನ್ನು ಅವನ ಕೆಲಸದ ಮೇಜಿನ ಮೇಲಿಟ್ಟು, ಅದರ ಮೇಲೆ ಕೈ ಇಟ್ಟುಕೊಂಡೇ ನಿಂತಳು.

‘ಮೂರೂ ಹೊಟ್ಟೆ ತುಂಬಬೇಕು ಅಣ್ಣ. ಒಂದು ಚೂರೂ ಜಾಗ ಬಿಡಬಾರದು.’

‘ತುಂಬ್ತೀನಿ.’

‘ಈ ಸಲ ಇದೂ ಹೋದ್ರೆ ಇನ್ನು ನಾನು ಸುತ್ತಲ್ಲ. ನಿನ್ನ ದೋಣಿಗೂ ಇಲ್ಲ, ಬೇರೆ ಯಾರ ದೋಣಿಗೂ ಇಲ್ಲ.’

‘ತುಂಬ್ತೀನಿ ಅಂದೆನಲ್ಲ, ಮಾತು ಕೊಟ್ಟೆ.’

ಅವಳು ಆಮೇಲೆ ಕೈ ತೆಗೆದಳು.

ಐದು ವಾರ ಅವನು ದೋಣಿ ಕಟ್ಟಿದ. ನಿಜ ಹೇಳಬೇಕೆಂದರೆ ಅಂಥ ಚೆಲುವಾದ ದೋಣಿಯನ್ನು ಅವನು ಅದುವರೆಗೆ ಕಟ್ಟಿರಲಿಲ್ಲ. ಒಳಗಿನ ಪಕ್ಕೆಲುಬುಗಳನ್ನು ಬ್ಲೇಡಿನಷ್ಟು ತೆಳುವಾಗಿ ಕತ್ತರಿಸಿ ಕೂರಿಸಿದ್ದ. ಪ್ಲೈವುಡ್ಡನ್ನು ಬಿಸಿನೀರಿನ ಬಟ್ಟೆಯಲ್ಲಿ ಸುತ್ತಿಟ್ಟು, ಮೆತ್ತಗಾದ ಮೇಲೆ ಮೂತಿಯ ಬಾಗಿಗೆ ಬಗ್ಗಿಸಿ ಕಟ್ಟಿದ್ದ. ಪಾದಗಳನ್ನು ಉಜ್ಜಿ ಉಜ್ಜಿ, ಕಣ್ಣುಮುಚ್ಚಿ ಸವರಿ, ಎಡ ಯಾವುದು ಬಲ ಯಾವುದು ಬೆರಳಿಗೆ ತಿಳಿಯದಂತೆ ಸಮ ಮಾಡಿದ್ದ. ಅತ್ತ ಬಾಗಿಲು ಕಾಯುತ್ತಿದ್ದ ಮನೆಯವರು ಬೀದಿಯಲ್ಲಿ ಕಂಡಾಗ ಹಲ್ಲು ಕಡಿಯುತ್ತಿದ್ದರು.

ರೇಸು ಭಾನುವಾರ. ಥರ್ಮಾಕೋಲ್ ತುಂಬುವ ಹೊತ್ತಿಗೆ ಗುರುವಾರ ಬಂದೇಬಿಟ್ಟಿತ್ತು. ಅದಕ್ಕೆ ಹಚ್ಚುವ ಬಿಳಿ ಅಂಟು ಒಣಗಲು ಒಂದು ಇಡೀ ರಾತ್ರಿ ಬೇಕು, ಅದಾದ ಮೇಲೆ ಹಲಗೆ, ಅದಾದ ಮೇಲೆ ಎರಡು ಕೈ ವಾರ್ನಿಷ್. ಅವನು ಬಿಳಿ ಅಂಟಿನ ಡಬ್ಬಿಯನ್ನು ಕೈಗೆತ್ತಿಕೊಂಡ, ಇಟ್ಟ, ಮತ್ತೆ ಎತ್ತಿಕೊಂಡ. ಪಕ್ಕದಲ್ಲೇ ಮೇಜು ಬೀರುಗಳಿಗೆ ಲ್ಯಾಮಿನೇಟ್ ಹಾಳೆ ಅಂಟಿಸುವ, ಮೂಗಿಗೆ ಘಾಟು ಹೊಡೆಯುವ ಅಂಟು. ಹತ್ತು ನಿಮಿಷಕ್ಕೆ ಹಿಡಿಯುತ್ತದೆ. ಇಪ್ಪತ್ತೆಂಟು ವರ್ಷ ಆ ಅಂಟು ಅವನ ಕೈಬಿಟ್ಟಿರಲಿಲ್ಲ. ಮರ, ಹಾಳೆ, ರಬ್ಬರು, ಚರ್ಮ ಎಲ್ಲ ಅಂಟಿಸಿದ್ದ. ಥರ್ಮಾಕೋಲನ್ನು ಮಾತ್ರ ಎಂದೂ ಅಂಟಿಸಿರಲಿಲ್ಲ. ಧಾರಾಳವಾಗಿ ಸುರಿದು, ತುಂಡುಗಳನ್ನು ಒತ್ತೊತ್ತಾಗಿ ತುರುಕಿ, ಅರ್ಧ ಗಂಟೆಯಲ್ಲಿ ಮೂರು ಹೊಟ್ಟೆಗೂ ಹಲಗೆ ಮುಚ್ಚಿದ. ಬೆರಳ ಗೆಣ್ಣಿನಿಂದ ಬಡಿದು ನೋಡಿದ. ‘ದಪ್’ ಅಂದಿತು. ಮನಸ್ಸು ಹಗುರವಾಗಿ ಶಿಳ್ಳೆ ಹಾಕುತ್ತಾ ಊಟಕ್ಕೆ ಹೋದ.

ಶನಿವಾರ ಮಧ್ಯಾಹ್ನ ವಾರ್ನಿಷ್ ಒಣಗಿದೆಯೇ ನೋಡಲು ಬಂದವನು ಅಭ್ಯಾಸಬಲದಿಂದ ಮತ್ತೊಮ್ಮೆ ಬಡಿದ. ‘ಟೊಣ್’ ಅಂದಿತು.

ಇನ್ನೊಂದು ಪಾದ ಬಡಿದ. ಟೊಣ್. ಮೂತಿ. ಟೊಣ್. ಗಟ್ಟಿ ಬಾಗಿಲು ಯಾವುದು, ಪೊಳ್ಳು ಬಾಗಿಲು ಯಾವುದು ಎಂದು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಸದ್ದಿನ ಮೇಲೆ ಹೇಳುವ ಬಡಗಿ ಅವನು. ಉಳಿದಿದ್ದ ಥರ್ಮಾಕೋಲಿನ ಒಂದು ತುಂಡನ್ನು ಹಳೇ ತಟ್ಟೆಯಲ್ಲಿಟ್ಟು ಅದೇ ಅಂಟನ್ನು ನಾಲ್ಕು ಹನಿ ಬಿಟ್ಟ. ಗುರುವಾರ ಹಲಗೆಯಡಿ ಮರೆಯಲ್ಲಿ ನಡೆದದ್ದು ಈಗ ಕಣ್ಣೆದುರಿಗೇ ನಡೆಯಿತು: ಬಿಳಿ ತುಂಡು ಮೆಲ್ಲಗೆ ಕುಗ್ಗಿತು, ತೂತು ಬಿತ್ತು, ಕೊನೆಗೆ ತಟ್ಟೆಯಲ್ಲಿ ಹಳದಿ ಗೋಂದು ಮಾತ್ರ ಉಳಿಯಿತು.

ಆಮೇಲೆ ಅವನ ಕಾಲು ಒಂದು ಕಡೆ ನಿಲ್ಲಲಿಲ್ಲ. ಬಾಗಿಲ ತನಕ ಹೋದ, ವಾಪಸು ಬಂದ. ನೀರು ಕುಡಿಯಲು ಒಳಗೆ ಹೋಗಿ ಲೋಟ ಹಿಡಿದುಕೊಂಡು ಹೊರಗೆ ಬಂದ, ಕುಡಿಯುವುದನ್ನು ಮರೆತ. ಹೆಂಡತಿ ಹೊಲಿಗೆ ಮೆಷಿನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದಳು.

‘ಏನ್ರೀ, ಕಾಲಿಗೆ ಇರುವೆ ಮುತ್ತಿಕೊಂಡಿದೆಯಾ?’

‘ಏನಿಲ್ಲ.’

‘ಏನಿಲ್ಲ ಅನ್ನೋರು ಈ ಪಾಟಿ ನೆಲ ಸವೆಸಲ್ಲ.’

ಅವಳಿಗೆ ಹೇಳಿದರೆ ತಂಗಿಗೆ ಹೇಳಿದಂತೆಯೇ. ನಾದಿನಿ ಅತ್ತಿಗೆ ಇಬ್ಬರೂ ಅಷ್ಟು ಒಂದು. ಅವನು ಬಾಯಿ ಬಿಡಲಿಲ್ಲ. ಈಗ ಬಿಚ್ಚಿ ಮತ್ತೆ ತುಂಬಿದರೆ ನಾಳೆಗೆ ವಾರ್ನಿಷ್ ಇರುವುದಿಲ್ಲ, ಮುಕ್ಕಾದ ಹಲಗೆ ನೋಡಿದ ಕೂಡಲೇ ತಂಗಿಗೆ ತಿಳಿದುಹೋಗುತ್ತದೆ. ಬಿಚ್ಚದಿದ್ದರೆ? ಮಗುಚಿಕೊಳ್ಳಲೇಬೇಕು ಅಂತ ಎಲ್ಲಿ ಬರೆದಿದೆ? ಈ ಪಾದಗಳು ಹೋದ ಸಲದಂತಲ್ಲ, ಸಮವಾಗಿವೆ. ಅವನು ತನಗೆ ತಾನೇ ವಕೀಲನಾಗಿ ವಾದಿಸುತ್ತಿರುವಾಗಲೇ ಫೋನು ಬಡಿದುಕೊಂಡಿತು.

‘ಅಣ್ಣ, ತುಂಬಿದ್ದೀಯಲ್ಲ?’

‘ತುಂಬಿದ್ದೀನಿ ಕಣೆ.’

ಸುಳ್ಳೇನಲ್ಲ, ತುಂಬಿದ್ದು ಹೌದು ತಾನೇ ಎಂದು ಸಮಾಧಾನ ಹೇಳಿಕೊಂಡ. ಆ ಸಮಾಧಾನ ಫೋನು ಕೆಳಗಿಡುವ ತನಕವೂ ಬಾಳಲಿಲ್ಲ.

ಭಾನುವಾರ ಕೆರೆಯ ದಡದಲ್ಲಿ ಮಡಚುವ ಮೇಜುಗಳು, ಬ್ಯಾಟರಿಗಳು, ಹೊಸ ಬಣ್ಣದ ವಾಸನೆ. ತಂಗಿ ದೋಣಿಯ ಪಾದಗಳನ್ನು ಸವರಿ ನೋಡಿ ‘ಚೆನ್ನಾಗಿದೆ’ ಎಂದಳು. ಅವಳ ಬಾಯಿಂದ ಆ ಮಾತು ಬರುವುದು ಅಪರೂಪ. ನಡುವಿನ ಕಿಂಡಿಯಿಂದ ಮೋಟಾರನ್ನು ಇಳಿಸಿ, ಮೂರು ಸಲ ತಿರುಗಿಸಿ ನೋಡಿ, ಕೈ ಒರೆಸಿಕೊಂಡಳು. ಅವನು ಮೇಜಿನ ಸುತ್ತ ಗಾಣದ ಎತ್ತಿನಂತೆ ಸುತ್ತುತ್ತಿದ್ದ.

ರೇಸು ನಡೆಸುವ ಕ್ಲಬ್ಬಿನ ತಪಾಸಣೆ ಊರಿನ ಔಷಧಿ ಅಂಗಡಿಯವರ ಕೈಯಲ್ಲಿತ್ತು. ಅವರು ಯಾರ ದೋಣಿಯನ್ನೂ ನೀರಿಗೆ ಅದ್ದಿ ಪರೀಕ್ಷಿಸುತ್ತಿರಲಿಲ್ಲ. ‘ಹೊಟ್ಟೆ ತುಂಬಿದೆ’ ಎಂದು ಕಟ್ಟಿದವನೇ ತನ್ನ ಕೈಯಾರೆ ಮೇಲ್ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬರೆದು ರುಜು ಹಾಕಬೇಕು, ಅಷ್ಟೇ. ಮೊದಲಿನಿಂದ ನಡೆದುಬಂದ ಪದ್ಧತಿ. ಹೋದ ವರ್ಷವೂ ಅವನು ನಿಂತ ಕಾಲಲ್ಲೇ ಗೀಚಿ ಕೊಟ್ಟಿದ್ದ.

‘ಬರೀರಿ’ ಎಂದು ಅವರು ಪೆನ್ಸಿಲ್ ಚಾಚಿದರು.

ಅವನು ಪೆನ್ಸಿಲ್ ತೆಗೆದುಕೊಂಡು ತಂಗಿಯ ಕಡೆ ನೋಡಿದ. ‘ಒಂದ್ಸಲ ಬಡಿದು ನೋಡ್ತೀಯಾ?’ ಎಂದ. ಅವಳೇ ಕಂಡುಹಿಡಿದುಬಿಟ್ಟರೆ ಹೇಳುವ ಕಷ್ಟ ತನಗೆ ತಪ್ಪುತ್ತದಲ್ಲ ಎಂಬ ಆಸೆ.

‘ನೀನು ತುಂಬಿದ್ದೀನಿ ಅಂದ್ಮೇಲೆ ನಾನ್ಯಾಕೆ ಬಡಿಯಲಿ?’ ಎಂದಳು ಅವಳು, ರಿಮೋಟಿಗೆ ಬ್ಯಾಟರಿ ಹಾಕುತ್ತಾ.

ಅವನ ಕೈ ಮುಂದೆ ಹೋಗಲಿಲ್ಲ. ಪೆನ್ಸಿಲನ್ನು ಔಷಧಿ ಅಂಗಡಿಯವರಿಗೆ ವಾಪಸು ಕೊಟ್ಟು, ಚೀಲದಿಂದ ಉಳಿ ತೆಗೆದ. ಯಾರಾದರೂ ಏನು ಎತ್ತ ಎಂದು ಕೇಳುವ ಮೊದಲೇ ಬಲ ಪಾದದ ಹಲಗೆಯ ಸಂದಿಗೆ ತೂರಿಸಿ ಮೀಟಿದ. ಐದು ವಾರದ ಕೆಲಸ ‘ಚರ್’ ಎಂದು ಎದ್ದುಬಂತು. ಒಳಗೆ ಹಳದಿ ಗೋಂದು, ಮೂಲೆಯಲ್ಲಿ ಅಡಿಕೆಯಷ್ಟು ಥರ್ಮಾಕೋಲು.

‘ಬಿಳಿ ಅಂಟು ಹಾಕ್ಲಿಲ್ಲ’ ಎಂದ. ‘ಕಾಯೋಕೆ ಆಗ್ಲಿಲ್ಲ.’

ತಂಗಿ ಬಗ್ಗಿ ನೋಡಿದಳು. ಬೆರಳಿನಿಂದ ಗೋಂದನ್ನು ಮುಟ್ಟಿದಳು.

‘ನಿನ್ನೆ ಫೋನ್ ಮಾಡಿದಾಗ ಗೊತ್ತಿತ್ತಾ?’

‘ಗೊತ್ತಿತ್ತು.’

‘ಬಾಯಿ ಇರ್ಲಿಲ್ವಾ ಹೇಳೋಕೆ?’

‘ಹೆದರಿಕೆ ಆಯ್ತು ಕಣೆ. ನೀನು ಮತ್ತೆ ಮಾತು ಬಿಟ್ಟುಬಿಡ್ತೀಯ ಅಂತ.’

ನೀರಿನ ಮೇಲೆ ಮೊದಲ ಸುತ್ತಿನ ದೋಣಿಗಳು ಕಿರ್ರೆಂದು ಹೊರಟವು. ತಂಗಿ ಕಿಂಡಿಯಿಂದ ಮೋಟಾರನ್ನು ಬಿಚ್ಚಿ ತೆಗೆದು, ಬಟ್ಟೆಯಲ್ಲಿ ಸುತ್ತಿಕೊಂಡಳು.

‘ಬಿಳಿ ಅಂಟು ಒಣಗೋಕೆ ಎಷ್ಟು ಹೊತ್ತು?’

‘ಒಂದು ರಾತ್ರಿ.’

‘ಹಂಗಾದ್ರೆ ಹೋಗಿ ತುಂಬು. ನಾಳೆ ಬೆಳಿಗ್ಗೆ ಬರ್ತೀನಿ. ಇಲ್ಲೇ.’

ಸೋಮವಾರ ಕೆರೆಯ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಮೀಟಿ ಎಬ್ಬಿಸಿದ ಹಲಗೆಗಳ ಅಂಚು ಮುಕ್ಕಾಗಿತ್ತು, ವಾರ್ನಿಷ್ ಇರಲಿಲ್ಲ, ದೋಣಿ ಜಗಳ ಮಾಡಿಕೊಂಡು ಬಂದವನಂತೆ ಕಾಣುತ್ತಿತ್ತು. ಈ ಸಲ ತಂಗಿ ಮೂರೂ ಕಡೆ ಬಡಿದಳು. ದಪ್, ದಪ್, ದಪ್. ಮೋಟಾರು ಕೂರಿಸಿದಳು.

ದೋಣಿ ಓಡಿದ್ದನ್ನು ನೋಡಲು ನಾವು ನೀವು ಅಲ್ಲಿರಬೇಕಿತ್ತು. ನೀರನ್ನು ಬಿಟ್ಟು ಎದ್ದೇಬಿಟ್ಟಿತು. ಹಿಂದೆ ಆಳೆತ್ತರ ನೀರಿನ ಬಾಲ. ಬಡಗಿ ತುದಿಗಾಲಲ್ಲಿ ನಿಂತಿದ್ದ. ಒಂದನೇ ತಿರುವು, ಎರಡನೇ ತಿರುವು. ಮೂರನೆಯದಕ್ಕೆ ಗಾಳಿ ಬೀಸಿತು. ಮೂತಿ ಎದ್ದಿತು, ದೋಣಿ ಪಲ್ಟಿ ಹೊಡೆದು ಮೂತಿ ಕೆಳಗಾಗಿ ನೀರೊಳಗೆ ಹೋಯಿತು.

ಅಲ್ಲಿ ಬರೀ ಅಲೆ. ಆಮೇಲೆ ಒಂದು ಪಾದ ಮೇಲೆದ್ದಿತು, ಇನ್ನೊಂದು ಎದ್ದಿತು, ದೋಣಿ ಅಂಗಾತ ಮಲಗಿ ತೇಲತೊಡಗಿತು.

ರೇಸಿನ ದಿನವಾದರೆ ತಂದುಕೊಡಲು ಕ್ಲಬ್ಬಿನ ದೋಣಿ ಇರುತ್ತದೆ. ಸೋಮವಾರ ಯಾರಿರುತ್ತಾರೆ? ಅವನು ಪ್ಯಾಂಟು ಮೇಲೆ ಮಡಚತೊಡಗಿದ.

‘ಏನು ಮಾಡ್ತಿದ್ದೀಯ?’

‘ಈಜಿ ತರ್ತೀನಿ. ಈಗ್ಬಂದೆ.’

‘ಗಾಳಿ ಈ ಕಡೆಗೇ ಇದೆ, ತಾನಾಗೇ ಬರುತ್ತೆ. ಮೋಟಾರು ನೆನೆದ್ರೆ ಒಣಗಿಸ್ತೀನಿ. ಕೂತ್ಕೋ.’

ಅವನು ಕೂತ, ಎದ್ದ, ಮತ್ತೆ ಕೂತ. ದೋಣಿ ಗೇಣು ಗೇಣಾಗಿ ಬರುತ್ತಿತ್ತು. ಅವನು ಕೈಗೆ ಸಿಕ್ಕ ಹುಲ್ಲನ್ನೆಲ್ಲ ಕಿತ್ತ.

‘ಹೋದ ವರ್ಷ ಮರೆತಿದ್ದಲ್ಲ ಕಣೆ’ ಎಂದ ಕೊನೆಗೆ. ‘ಬೇಕಂತಲೇ ಬಿಟ್ಟಿದ್ದೆ. ತೂಕ ಉಳಿಸೋಕೆ.’

‘ಗೊತ್ತು.’

‘ಯಾವಾಗಿಂದ?’

‘ಅವತ್ತಿಂದಾನೇ. ಪಕ್ಕೆಲುಬು ಮರೆಯದೋನು ಥರ್ಮಾಕೋಲು ಮರೀತಾನಾ? ನೀನಾಗೇ ಹೇಳ್ಲಿ ಅಂತ ಕಾಯ್ತಾ ಇದ್ದೆ.’

‘ಐದು ತಿಂಗಳಾ?’

‘ಇವತ್ತಿನ ತನಕ’ ಎಂದಳು ತಂಗಿ.

ಅವನು ತಲೆ ತಗ್ಗಿಸಿದ. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೂ ಎದ್ದುಹೋಗಬೇಕೆನಿಸಲಿಲ್ಲ. ದೋಣಿ ಇನ್ನೂ ಬಹಳ ದೂರದಲ್ಲಿತ್ತು. ಮಡಚಿದ್ದ ಪ್ಯಾಂಟನ್ನು ಕೆಳಗಿಳಿಸಿಕೊಂಡು, ಕಾಲು ಚಾಚಿ, ತಂಗಿಯ ಪಕ್ಕದಲ್ಲಿ ಸರಿಯಾಗಿ ಕೂತುಕೊಂಡ.