ಆಪಾ ಮಡಿಸಿಕೊಟ್ಟ ಬೀಡಾ

ರೋಜಾದ ಮೂವತ್ತು ದಿನ ಸುಲಭವಾಗಿ ಕಳೆಯಿತು ಎಂದರೆ ಸುಳ್ಳಾಗುತ್ತದೆ. ಹಗಲು ಹೇಗೋ ಸಾಗುತ್ತಿತ್ತು. ನೀರೇ ಮುಟ್ಟದವನಿಗೆ ಬೀಡಿಯ ಮಾತೆಲ್ಲಿ? ಇಫ್ತಾರಿನ ಖರ್ಜೂರ ಬಾಯಿಗೆ ಬಿದ್ದ ಕೂಡಲೇ ಶುರುವಾಗುತ್ತಿತ್ತು ಒದ್ದಾಟ. ಕೈ ತಾನಾಗಿ ಜೇಬಿಗೆ ಹೋಗುತ್ತಿತ್ತು. ಅಲ್ಲಿ ಬೀಡಿ ಕಟ್ಟಿನ ಬದಲು ಲವಂಗದ ಪೊಟ್ಟಣ. ಕಚ್ಚಿ ಕಚ್ಚಿ ನಾಲಿಗೆ ಮರಗಟ್ಟಿತ್ತು. ಲಾರಿಯ ಕ್ಲಚ್ಚಿನ ಮೇಲೆ, ಮನೆಯವಳ ಮೇಲೆ, ಸಿಕ್ಕಸಿಕ್ಕವರ ಮೇಲೆ ರೇಗಿದೆ.

ಇದಕ್ಕೆಲ್ಲ ಕಾರಣ ನನ್ನಕ್ಕ ಸರ್ವರ್ ಬೀ, ನನ್ನ ಬಾಯಲ್ಲಿ ಆಪಾ. ಭದ್ರಾವತಿಯ ಕಾಗದನಗರದಲ್ಲಿ ಭಾವನ ಕ್ವಾರ್ಟರ್ಸಿನಲ್ಲಿದ್ದಾಳೆ. ಅಮ್ಮ ಸತ್ತ ಮೇಲೆ ನನ್ನನ್ನೂ ಅಣ್ಣ ಗುಲಾಮ್ ಮೊಹಿದ್ದೀನನನ್ನೂ ಸಾಕಿದವಳು ಅವಳೇ. ಬೀಡಿ ಬಿಡದ ಆ ಅಣ್ಣ ಹೋದ ವರ್ಷ ಕೆಮ್ಮಿ ಕೆಮ್ಮಿ, ಉಸಿರಿಗಾಗಿ ಒದ್ದಾಡಿ ಸತ್ತ. ಮಣ್ಣು ಕೊಟ್ಟು ಬಂದ ದಿನವೇ ನಾನು ಹಿತ್ತಿಲಲ್ಲಿ ಬೀಡಿ ಹಚ್ಚಿದ್ದನ್ನು ಆಪಾ ನೋಡಿಬಿಟ್ಟಳು.

"ರಂಜಾನ್ ತಿಂಗಳಲ್ಲಿ ಬಿಟ್ಟಿದ್ರೆ ಹಬ್ಬಕ್ಕೆ ಬಾ ಹಮೀದ್. ಇಲ್ದಿದ್ರೆ ಈ ಹೊಸ್ತಿಲು ತುಳೀಬೇಡ. ಇನ್ನೊಬ್ಬ ತಮ್ಮನ್ನ ಮಣ್ಣಿಗೆ ಕಳ್ಸೋದು ನನ್ ಕೈಲಾಗಲ್ಲ" ಎಂದಳು.

ತವರು ಅಂತ ನನಗಿರುವುದು ಅದೊಂದೇ ಹೊಸ್ತಿಲು.

ಹಬ್ಬದ ಬೆಳಿಗ್ಗೆ ಶಿವಮೊಗ್ಗೆಯ ಈದ್ಗಾದಲ್ಲಿ ನಮಾಜು ಮುಗಿಯುತ್ತಲೇ ಜೊತೆಯ ಡ್ರೈವರ್ ಜಲೀಲ್ ಮೂರು ಸಲ ತಬ್ಬಿಕೊಂಡು ಸಿಗರೇಟು ಚಾಚಿದ. "ರೋಜಾ ಮುಗೀತಲ್ಲ ಮಾರಾಯ, ಇನ್ನೇನು? ತಗಾ!" ಬೇಡವೆಂದೆ. ನಾನು ಲಾರಿಯಲ್ಲಿ ಲೋಡು ಸಾಗಿಸುವ ಅಡಿಕೆ ಮಂಡಿಯ ಶಿವಶಂಕರಪ್ಪನವರು ಕರೆಸಿಕೊಂಡು, ಹಣ್ಣಿನ ತಟ್ಟೆಯ ಪಕ್ಕದಲ್ಲೇ ಸಿಗರೇಟಿನ ಡಬ್ಬಿ ತೆರೆದಿಟ್ಟರು. "ಹಬ್ಬದ ದಿನ ಸಂಕೋಚ ಪಡ್ಬೇಡವೋ" ಎಂದರು. ಬಾಳೆಹಣ್ಣು ಮಾತ್ರ ತೆಗೆದುಕೊಂಡು ಎದ್ದೆ. ಭದ್ರಾವತಿ ಬಸ್ಸಿನಲ್ಲಿ ಪಕ್ಕದವನು ದಾರಿಯುದ್ದಕ್ಕೂ ಬೀಡಿ ಸೇದಿದ. ಕಿಟಕಿಯ ಕಡೆ ತಿರುಗುವುದು ಬಿಟ್ಟು, ನಾಚಿಕೆಯಿಲ್ಲದೆ ಅವನ ಕಡೆಗೇ ವಾಲಿ ಕೂತಿದ್ದೆ.

ಆಪಾ ಬಾಗಿಲಲ್ಲೇ ನಿಲ್ಲಿಸಿದಳು. "ಬಾಯಿ ತೆಗಿ."

ಮೂವತ್ತೆಂಟು ವರ್ಷದ ಗಂಡಸು ನಾನು, ಬಾಯಿ ತೆರೆದೆ. ಮೂಗು ಹತ್ತಿರ ತಂದು ಮೂಸಿದಳು. ಲವಂಗದ ವಾಸನೆ ಬಿಟ್ಟರೆ ಬೇರೇನಿಲ್ಲ. ನನ್ನ ಮುಖ ಹಿಡಿದುಕೊಂಡು ಅತ್ತೇಬಿಟ್ಟಳು.

ಹಬ್ಬದ ಶಾವಿಗೆ ಪಾಯಸ, ಸುರಕುಂಬಾ ಕುಡಿದೆವು. ಅವಳು ಅದನ್ನು ಆರಿಸಿಕೊಂಡು, ಒಂದೇ ದವಡೆಯಲ್ಲಿ ನಿಧಾನವಾಗಿ ಅಗಿದು ನುಂಗುತ್ತಿದ್ದಳು. ಯಾಕೆಂದು ಕೇಳಿದರೆ, "ಬಾಯೊಳಗೆ ಹುಣ್ಣು. ಮೂರು ತಿಂಗಳಾಯ್ತು, ಖಾರ ತಿನ್ನಕ್ಕಾಗಲ್ಲ" ಎಂದಳು.

ಊಟವಾದ ಮೇಲೆ ನಮ್ಮ ಮನೆಯ ಪದ್ಧತಿಯೊಂದಿದೆ: ಹಿರಿಯರು ತಾವೇ ಬೀಡಾ ಮಡಿಸಿ ಕಿರಿಯರ ಬಾಯಿಗಿಡುತ್ತಾರೆ. ಅಪ್ಪನ ಕಾಲದಿಂದ ಬಂದದ್ದು, ಬೇಡವೆನ್ನುವ ಹಾಗಿಲ್ಲ. ಆಪಾ ಪಾನ್‌ದಾನು ತೆರೆದು ಎಲೆ ಮಡಿಸಿ ನನ್ನ ಬಾಯಿಗಿಟ್ಟಳು.

ನಾಲ್ಕು ಸಲ ಅಗಿದೆ. ತಲೆ ಜುಮ್ಮೆಂದಿತು. ಕಿವಿ ಬಿಸಿಯಾಯಿತು. ತಿಂಗಳಿಂದ ಚಡಪಡಿಸುತ್ತಿದ್ದ ಮೈಯೆಲ್ಲ ಒಮ್ಮೆಲೇ ತಣ್ಣಗಾಯಿತು. ಅಬ್ಬಾ, ಎಂಥ ಸುಖ! ಆಮೇಲೆ ಹೊಳೆಯಿತು.

"ಇದಕ್ಕೇನು ಹಾಕಿದೀಯ ಆಪಾ?"

"ಚೂರು ಜರ್ದಾ ಕಣೋ. ಬೀಡಿ ಬಿಟ್ಟು ಒದ್ದಾಡ್ತಿದೀಯಲ್ಲ ಪಾಪ ಅಂತ ಹಾಕ್ದೆ. ಇದ್ರಲ್ಲಿ ಹೊಗೆ ಎಲ್ಲಿದೆ? ನಾನು ಇಪ್ಪತ್ತು ವರ್ಷದಿಂದ ಹಾಕ್ತಿದೀನಿ."

ಉಗುಳಿದರೆ ಅವಳ ಕೈಯ ತುತ್ತು ಉಗುಳಿದ ಹಾಗೆ, ಅದೂ ಹಬ್ಬದ ದಿನ. ನುಂಗಿದರೆ ನಾಳೆ ಬೆಳಿಗ್ಗೆಯೇ ಬೀಡಿ ಅಂಗಡಿಯ ಮುಂದೆ ನಿಂತಿರುತ್ತೇನೆ, ನನ್ನ ಮೈ ನನಗೆ ಗೊತ್ತು. ಎದ್ದು ಹೋಗಿ ಬಚ್ಚಲಲ್ಲಿ ಉಗುಳಿ ಮೂರು ಸಲ ಬಾಯಿ ಮುಕ್ಕಳಿಸಿದೆ.

ಬಂದಾಗ ಆಪಾಳ ಮುಖ ಕೆಂಪಗಿತ್ತು. "ನನ್ನ ಕೈಯದ್ದು ಉಗುಳ್ದೆಯಾ?"

"ಉಗುಳ್ದೆ! ಹೊಗೆಸೊಪ್ಪು ಸುಟ್ಟರೂ ಹೊಗೆಸೊಪ್ಪೇ, ಅಗಿದ್ರೂ ಹೊಗೆಸೊಪ್ಪೇ. ಆ ಹುಣ್ಣು ಯಾವ ಕಡೆ ಆಗಿದೆ? ನೀನು ಜರ್ದಾ ಒತ್ತರಿಸಿಡೋ ಕಡೆ ತಾನೇ? ಅಣ್ಣ ಹೋದ. ಈಗ ನೀನು ಹೋದ್ರೆ ನಾನು ಯಾರ ಹೊಸ್ತಿಲಿಗೆ ಬರ್ಲಿ?"

ಅವಳು ಬೆರಳಿನಿಂದ ಎಡಗೆನ್ನೆ ಒತ್ತಿ ನೋಡಿಕೊಂಡಳು. ಆಮೇಲೆ ಪಾನ್‌ದಾನಿನಿಂದ ಜರ್ದಾ ಡಬ್ಬಿ ತೆಗೆದು ನನ್ನ ಕಡೆ ತಳ್ಳಿದಳು. ನಾನು ಅದನ್ನು ಬಚ್ಚಲಿಗೆ ಸುರಿದು ಬಂದೆ. ಅಷ್ಟರಲ್ಲೇ ಅವಳ ಕೈ ಖಾಲಿ ಜಾಗವನ್ನು ತಡಕಾಡುತ್ತಿತ್ತು.

ಲವಂಗದ ಪೊಟ್ಟಣ ಅವಳ ಕೈಗಿಟ್ಟೆ. "ನಾಳೆ ನಿನ್ನ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಆಮೇಲೆ ಊರಿಗೆ ಹೋಗ್ತೀನಿ" ಎಂದೆ. ಒಂದು ಲವಂಗ ಬಾಯಿಗೆ ಹಾಕಿಕೊಂಡು ಮುಖ ಹಿಂಡಿದಳು.

"ನಿಂದು ಮೂವತ್ತು ದಿನ ಆಯ್ತು. ನಂದು ಯಾವಾಗ ಮುಗಿಯತ್ತೋ!"

"ನಂದೆಲ್ಲಿ ಮೂವತ್ತು? ನಿನ್ನ ಬೀಡಾದಲ್ಲಿ ಎಲ್ಲ ಹೋಯ್ತು. ನನಗೂ ಇವತ್ತು ಒಂದನೇ ದಿನ" ಎಂದೆ. "ಒಂದು ಲವಂಗ ಈ ಕಡೆ ಕೊಡು."