ಅಂಕಮ್ಮನ ಕುರಿಗಳ ಪುಟ

ಹೊಂಬಾಳಮ್ಮ ನಾಲ್ಕನೆಯ ಕುರಿಯನ್ನು ಮೊಣಕಾಲುಗಳ ನಡುವೆ ಅವುಚಿಕೊಂಡು, ಹಿಂಗಾಲಿನ ಬೆಳೆದ ಗೊರಸನ್ನು ಕತ್ತರಿಯಿಂದ ಸವರುತ್ತಿದ್ದಳು. ಗಂಡ ನಾಗರಾಜುವಿನ ಸ್ಕೂಟರು ಗೇಟಿನೊಳಗೆ ಬಂದು ನಿಂತ ಸದ್ದಾಯಿತು. ಹಿಂದೆಯೇ ಅವನ ಗಂಟಲು.

"ಅಮ್ಮೀ, ಗೇಟು ದಾಟುತ್ಲೂ ಟಕ್ ಅಂತ ಬಂದ್ಬುಡ್ತು ಕಣಮ್ಮಿ! ನೋಡಿಲ್ಲಿ, ಟಗರು ಪಕ್ಕ ಎಂಗೆ ನಿಂತಿವ್ನಿ!"

"ಮೆತ್ತಗೆ ಮಾತಾಡಿ, ಕುರಿ ಬೆದರ್ತದೆ" ಎಂದಳು, ತಲೆಯೆತ್ತದೆ. ಅವನ ಫೋನಿನಲ್ಲಿ ಏನು ಕಾಣುತ್ತಿದೆಯೆಂದು ಅವಳಿಗೆ ನೋಡದೆಯೂ ಗೊತ್ತಿತ್ತು. ಆ ವೆಬ್‌ಸೈಟ್ ಕಟ್ಟಿದವಳೇ ಅವಳು.

ಹೋದ ವರ್ಷ ಮಳವಳ್ಳಿಯಲ್ಲಿ ಸಂಘದ ಹೆಂಗಸರಿಗೆಂದು ಮೂರು ತಿಂಗಳ ಕಂಪ್ಯೂಟರ್ ತರಗತಿ ನಡೆದಿತ್ತು. ಬಂಡೂರಿನಿಂದ ದಿನವೂ ಬಸ್ಸು ಹತ್ತಿ ಹೋದವಳು ಅವಳೊಬ್ಬಳೇ. ಕಲಿಸುತ್ತಿದ್ದ ರೂಪ ಮೇಡಂ, "ಸೈಟನ್ನು ಮೊದಲು ಮನೆಯಲ್ಲೇ ಕಟ್ಟಿ. ನಿಮ್ಮ ಕಂಪ್ಯೂಟರನ್ನೇ ಸರ್ವರ್ ಮಾಡ್ಕೊಳ್ಳಿ. ತಪ್ಪಾದರೂ ಮನೆಯೊಳಗೇ ಇರುತ್ತೆ, ನಗೋರು ಯಾರೂ ಇರಲ್ಲ" ಎಂದಿದ್ದರು. ಆ ಮಾತು ಅವಳಿಗೆ ಬಹಳ ಹಿಡಿಸಿತು. ಹಳೆಯ ಕಂಪ್ಯೂಟರೊಂದನ್ನು ತಂದು ಹೊಲಿಗೆ ಮಿಷನ್ನಿನ ಮೇಲಿಟ್ಟಳು. ಸರ್ವರ್ ಶುರುಮಾಡಲು ಒತ್ತಿದಾಗಲೆಲ್ಲ ಕೆಂಪಕ್ಷರ ಬರುತ್ತಿತ್ತು. ಅದಕ್ಕೆ ಬೇಕಾದ ಪೋರ್ಟನ್ನು, ಎಂದರೆ ಅದು ಹೋಗಿಬರುವ ಬಾಗಿಲನ್ನು, ಇನ್ಯಾವುದೋ ಪ್ರೋಗ್ರಾಂ ಹಿಡಿದು ಕೂತಿದೆ ಎಂದು ತಿಳಿಯಲು ಎರಡು ದಿನ ಬೇಕಾಯಿತು. ಪೋರ್ಟಿನ ಸಂಖ್ಯೆ ಬದಲಾಯಿಸಿದಳು. ಒಲೆಯ ಮೇಲೆ ರಾಗಿಹಿಟ್ಟಿನ ಎಸರು ಕುದಿಯುತ್ತಿದ್ದ ಒಂದು ಬೆಳಗ್ಗೆ, ಅವಳು ಬರೆದ ಮೊದಲ ಸಾಲು ಪರದೆಯ ಮೇಲೆ ಬಂತು: "ಇವು ಅಂಕಮ್ಮನ ಕುರಿಗಳು."

ಅಂಕಮ್ಮ ಅವಳ ತಾಯಿ. ಮದುವೆಯಲ್ಲಿ ಮಗಳಿಗೆ ಬಳುವಳಿಯಾಗಿ ಕೊಟ್ಟದ್ದು ಒಂದೇ ಒಂದು ಹೆಣ್ಣುಮರಿ. ಹಿಂಡಿನ ಮರಿಗಳ ಬೆನ್ನನ್ನೆಲ್ಲ ಕಣ್ಣುಮುಚ್ಚಿ ಸವರಿ ನೋಡಿ ಆರಿಸಿದ್ದಳು. ಈಗ ಕೊಟ್ಟಿಗೆಯಲ್ಲಿರುವ ಐವತ್ತೆಂಟೂ ಅದರ ಸಂತಾನವೇ. ಯಾವುದು ಯಾವುದರ ಮಗಳು, ಯಾವುದರ ಮೊಮ್ಮಗಳು ಎಂದು ಹೊಂಬಾಳಮ್ಮ ಪುಟದ ಮೇಲೆ ಪುಟ ಬರೆದಳು. ಎರಡು ವರ್ಷದ ಹಿಂದೆ ಕಣ್ಣುಮುಚ್ಚಿದ ಅವ್ವನ ಒಂದೇ ಫೋಟೊವನ್ನು ಮೇಲೆ ಹಾಕಿದಳು. ಅವ್ವನ ಹೆಸರು ಬೇರೆಲ್ಲೂ ಉಳಿದಿರಲಿಲ್ಲ.

ವಾರದ ಹಿಂದೆ ನಾಗರಾಜು ಅದನ್ನು ನೋಡಿದ. ಮನೆತುಂಬ ನೆಂಟರಿದ್ದ ದಿನ.

"ಇದೇನಮ್ಮಿ, ಅಂಕಮ್ಮನ ಕುರಿ? ನೋಡ್ದೋರು ನನ್ನ ಮನೆ ಅಳಿಯ ಅಂದ್ಕಳಕಿಲ್ವಾ? ತೆಗಿ ಅತ್ಲಾಗೆ! ನಮ್ಮ ತಾತ ಚಿಕ್ಕಣ್ಣನ ಕಾಲ್ದಿಂದ ಬಂದ ತಳಿ ಅಂತ ಬರಿ."

ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಪುಟ್ಟಮಾದಮ್ಮ ಸುಮ್ಮನಿರಲಿಲ್ಲ. "ನಿಮ್ಮ ತಾತ ಕುರಿ ವಾಸ್ನೆ ಬಂದ್ರೆ ಮೂಗು ಮುಚ್ಕಂಡು ಓಡೋಯ್ತಿದ್ದ ಕಣ್ಲಾ."

"ನೀ ಸುಮ್ಕಿರವ್ವ."

ನೆಂಟರೆಲ್ಲ ನಕ್ಕರು. ಅವನು ಅವರೆದುರೇ ಹೊಂಬಾಳಮ್ಮನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತು, ಅವಳ ಕೈಯಿಂದಲೇ ಒಂದೊಂದು ಸಾಲನ್ನೂ ಅಳಿಸಿಸಿದ. ಫೋಟೊ ಹೋಯಿತು. ಆ ಜಾಗದಲ್ಲಿ ಟಗರಿನ ಪಕ್ಕ ಅವನು ನಿಂತ. ಅಂದಿನಿಂದ ಅವನಿಗೆ ಹೊತ್ತು ಹೊತ್ತಿಗೆ ಹಿಟ್ಟು ಬಡಿಸಿದ್ದಾಳೆ, ಬಟ್ಟೆ ಒಗೆದಿದ್ದಾಳೆ, ಆ ಮಾತು ಎತ್ತಿಲ್ಲ. ಎದೆಯೊಳಗೆ ಮಾತ್ರ ದಿನಕ್ಕೆ ಹತ್ತು ಸಲ ಅವನನ್ನು ನಾಲ್ಕು ಜನರ ಮುಂದೆ ನಿಲ್ಲಿಸಿ ನೀರಿಳಿಸುತ್ತಿದ್ದಳು.

ಈಗ ನಾಗರಾಜು ಕೈಚೀಲದಿಂದ ಒಂದು ಕಟ್ಟು ತೆಗೆದು, ಮೇಲಿನ ಕಾರ್ಡನ್ನು ಅವಳ ಮೂಗಿನ ಮುಂದೆ ಹಿಡಿದ.

"ಮದ್ದೂರಲ್ಲಿ ಪ್ರಿಂಟ್ ಆಕ್ಸ್ದೆ. ನಾಳೆ ಮಂಡ್ಯದಲ್ಲಿ ಕುರಿ ಸಾಕೋರ ಸಭೆ. ಮುನ್ನೂರು ಜನ! ದೊಡ್ಡ ಪರದೆ ಕಟ್ತಾರಂತೆ. ನಮ್ಮ ಸೈಟು ತೆಗ್ದು ತೋರಿಸ್ಕಂಡೇ ಭಾಷಣ ಮಾಡ್ತೀನಿ."

ಕಾರ್ಡಿನಲ್ಲಿ ಅವನ ಫೋಟೊ, 'ಬಂಡೂರು ತಳಿ ಸಂರಕ್ಷಕ' ಎಂಬ ಬಿರುದು. ಕೆಳಗೆ ದಪ್ಪಕ್ಷರದಲ್ಲಿ: 'ನಮ್ಮ ವೆಬ್‌ಸೈಟ್: 192.168.1.7:8080.'

ಕತ್ತರಿ ಹಿಡಿದ ಅವಳ ಕೈ ನಿಂತಿತು.

"ಪ್ರೆಸ್ಸಿನೋನು, 'ಇದೇನಣ್ಣ ಬರೀ ನಂಬ್ರು' ಅಂದ. 'ನಿಂಗೇನ್ಲಾ ಗೊತ್ತು, ಇದು ಸ್ವಂತ ಸರ್ವರು' ಅಂದೆ. ತೋರ್ಸಣ ಅಂದ್ರೆ ಅಲ್ಲಿ ಬರ್ನಿಲ್ಲ. ಮದ್ದೂರಲ್ಲಿ ನೆಟ್‌ವರ್ಕು ಬೋ ಕಮ್ಮಿ."

ಆ ಸಂಖ್ಯೆ ಈ ಮನೆಯ ವೈಫೈ ಹಿಡಿದ ಫೋನುಗಳಿಗೆ ಮಾತ್ರ ತಿಳಿಯುವ ವಿಳಾಸ. ಗೇಟು ದಾಟಿದರೆ ಅದಕ್ಕೆ ಅರ್ಥವೇ ಇಲ್ಲ. ಹೊರಗಿನವರಿಗೆ ಕಾಣಬೇಕಾದರೆ ಸೈಟನ್ನು ಇಂಟರ್ನೆಟ್ಟಿಗೆ ಏರಿಸಬೇಕು, ಅದಕ್ಕೊಂದು ಹೆಸರು ಕೊಳ್ಳಬೇಕು. ಅವಳು ಇನ್ನೂ ಎರಡನ್ನೂ ಮಾಡಿರಲಿಲ್ಲ. ಮಂಡ್ಯದ ನೆಟ್‌ವರ್ಕು ಎಷ್ಟು ಚೆನ್ನಾಗಿದ್ದರೂ ನಾಳೆ ಆ ಪರದೆಯ ಮೇಲೆ ಏನೂ ಬರುವುದಿಲ್ಲ.

ಇಪ್ಪತ್ತೆರಡು ವರ್ಷದ ಅಭ್ಯಾಸ. ಬಾಯಿ ತಾನಾಗಿಯೇ ತೆರೆಯಿತು. "ಒಸಿ ಕೇಳಿ ಇಲ್ಲಿ, ಆ ನಂಬರು..."

"ನೀನೇನೂ ಏಳ್ಬ್ಯಾಡ" ಎಂದ ಅವನು. "ಅಲ್ಲಿಗೂ ಬಂದು ನಿಮ್ಮವ್ವನ ಪುರಾಣ ತೆಗ್ದೀಯೆ ಅಂತಾನೆ ನಿನ್ನ ಕರ್ಕಂಡು ಓಯ್ತಿಲ್ಲ. ಒಂದು ಕುರಿಮರಿ ಕೊಟ್ಟು ಮಗಳ್ನ ಸಾಗಾಕಿದ್ಲು. ಅದ್ಕೊಂದು ವೆಬ್‌ಸೈಟಂತೆ!"

ಹೊಂಬಾಳಮ್ಮ ಬಾಯಿ ಮುಚ್ಚಿದಳು.

ಸಭೆ ಅವಳ ಕಣ್ಣಿಗೆ ಕಟ್ಟಿತು. ಬೆಳ್ಳಗಿನ ದೊಡ್ಡ ಪರದೆ, ಅದರ ನಡುವೆ ಸುಮ್ಮನೆ ತಿರುಗುವ ಚಕ್ರ. ಇವನು ಫೋನು ಒತ್ತುತ್ತಾನೆ, ಮತ್ತೆ ಒತ್ತುತ್ತಾನೆ, ಟವಲ್ಲಿನಿಂದ ಹಣೆ ಒರೆಸಿಕೊಳ್ಳುತ್ತಾನೆ. ಮುನ್ನೂರು ಜನರ ಕೈಯಲ್ಲೂ ಕಾರ್ಡು, ಯಾರ ಫೋನಿನಲ್ಲೂ ಏನಿಲ್ಲ. ಹಿಂದಿನ ಸಾಲಿನಿಂದ ಯಾರೋ ಕೂಗುತ್ತಾರೆ: "ಏನಣ್ಣ, ಕುರಿಗಳು ಮೇಯಕ್ಕೆ ಓಗವಾ?" ಆಮೇಲೆ ಆ ನಗು. ನೆಂಟರ ನಗುವಿಗಿಂತ ಎಷ್ಟೋ ಪಾಲು ದೊಡ್ಡದು.

ಎಷ್ಟೋ ದಿನದ ಮೇಲೆ ಅವಳ ಹೊಟ್ಟೆ ತಣ್ಣಗಾಯಿತು. ಆ ತಂಪು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಸ್ವಲ್ಪ ಹೆದರಿಕೆಯೂ ಆಯಿತು. ಆದರೂ ಬೇಡವೆನಿಸಲಿಲ್ಲ.

"ಅದೇನೋ ಏಳಕ್ಕೆ ಬಂದಲ್ಲವ್ವ, ಏನದು?" ಪುಟ್ಟಮಾದಮ್ಮ ಜಗುಲಿಯಿಂದಲೇ ಕೇಳಿದಳು.

"ಏನಿಲ್ಲ ಬುಡಿ ಅತ್ತೆ."

ಹೊಂಬಾಳಮ್ಮ ಕುರಿಯನ್ನು ಬಿಟ್ಟು ಎದ್ದಳು. ಕೈಯನ್ನು ಸೀರೆಗೆ ಒರೆಸಿಕೊಂಡು, ಚೆಲ್ಲಾಪಿಲ್ಲಿಯಾಗಿದ್ದ ಕಾರ್ಡುಗಳನ್ನು ಅಂಚು ಕೂಡಿಸಿ ಗಂಡನ ಕೈಗಿಟ್ಟಳು. ವಾರದಿಂದ ಅವನು ಕೇಳದಿದ್ದಷ್ಟು ಮೆತ್ತಗಿನ ದನಿಯಲ್ಲಿ ಹೇಳಿದಳು:

"ಏಳು ಗಂಟೆ ಬಸ್ಸಿಗೇ ಒಂಟೋಗಿ, ಸಭೇಲಿ ಮುಂದಿನ ಸಾಲಲ್ಲಿ ಜಾಗ ಸಿಕ್ತದೆ. ಕಾರ್ಡು ಅಷ್ಟೂ ತಗಂಡೋಗಿ. ಒಬ್ರಿಗೂ ತಪ್ಪಿಸ್ಬ್ಯಾಡಿ."